ಬೀಗರು ಕಾಡಿಗೆ ಹೋದದ್ದು

ಮೊನ್ನೆ ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಸ್ಕೂಟರಿನಲ್ಲಿ ಬರುತ್ತಿದ್ದೆ. ಯುಗಾದಿಯ ಬೇವು ಬೆಲ್ಲ ಇನ್ನೂ ನಾಲಿಗೆಯ ಮೇಲಿದ್ದ ದಿನಗಳು. ನಾಲೆಯ ತಿರುವಿನಲ್ಲಿ ಸೆಕೆಯೆಂದು ಹೆಲ್ಮೆಟ್ಟಿನ ಗಾಜು ಎತ್ತಿದೆ ನೋಡಿ, ಹೊಂಗೆ ಹೂವಿನ ವಾಸನೆ ಒಳಕ್ಕೆ ನುಗ್ಗಿಬಿಟ್ಟಿತು. ಹೊಂಗೆ ಹೂವಿಗೆ ಮಲ್ಲಿಗೆಯ ಠೀವಿ ಇಲ್ಲ. ಯಾರೂ ಅದನ್ನು ಮುಡಿಯುವುದಿಲ್ಲ, ದೇವರಿಗೂ ಏರಿಸುವುದಿಲ್ಲ. ಆದರೂ ಮರದ ಕೆಳಗೆ ಅಕ್ಕಿ ಚೆಲ್ಲಿದ ಹಾಗೆ ಉದುರಿಕೊಂಡು, ಬಿಸಿಲಿಗೆ ಕೊಂಚ ಬಾಡಿ, ಒಂದು ಬಗೆಯ ಮೆತ್ತನೆಯ ವಾಸನೆ ಬಿಡುತ್ತದೆ. ಗಾಡಿ ನಿಲ್ಲಿಸಿ, ಕಾಲೂರಿ, ಕಣ್ಣು ಮುಚ್ಚಿ ಉಸಿರು ಎಳೆದುಕೊಂಡೆ. ಹಿಂದಿನಿಂದ ಬಂದ ಟ್ರಾಕ್ಟರಿನವನು ನಿಲ್ಲಿಸಿ, "ಯಾಕಕ್ಕಾ, ಪೆಟ್ರೋಲ್ ಖಾಲಿಯಾಯ್ತಾ?" ಎಂದ. "ಇಲ್ಲಪ್ಪ, ಸುಮ್ನೆ ನಿಂತಿದೀನಿ" ಎಂದೆ. ಅವನ ಮುಖದಲ್ಲಿ ಅನುಮಾನ ಮೂಡಿತು. "ತಲೆಗಿಲೆ ಸುತ್ತು ಬಂತಾ?" ಎಂದು ಕೇಳಿ, ಇಲ್ಲವೆಂದ ಮೇಲೂ ತಿರುತಿರುಗಿ ನೋಡಿಕೊಂಡೇ ಹೋದ.

ತಪ್ಪು ಅವನದಲ್ಲ. ನಮ್ಮ ಸೀಮೆಯಲ್ಲಿ ಸುಮ್ಮನೆ ನಿಲ್ಲುವವರನ್ನು ಯಾರೂ ನಂಬುವುದಿಲ್ಲ. ಸುಮ್ಮನೆ ನಡೆಯುವವರನ್ನಂತೂ ಕೇಳಲೇಬೇಡಿ. ನಡೆಯುವುದಕ್ಕೆ ದನ ತಪ್ಪಿಸಿಕೊಂಡಿರಬೇಕು, ಇಲ್ಲ ಬಸ್ಸು ತಪ್ಪಿರಬೇಕು. ಈಚೆಗೆ ಸಕ್ಕರೆ ಕಾಯಿಲೆಯ ಡಾಕ್ಟರ ಕೃಪೆಯಿಂದ ಇನ್ನೊಂದು ಕಾರಣ ಸೇರಿಕೊಂಡಿದೆ, ಅಷ್ಟೆ. ಮರ ಚಿಗುರಿದೆ, ಹೂವಾಗಿದೆ, ನೋಡಿಕೊಂಡು ಬರೋಣ ಎಂದು ಹೊರಟರೆ, ಮನೆಯಲ್ಲಿ ಜಗಳವಾಡಿಕೊಂಡು ಬಂದಿರಬೇಕು ಎಂದೇ ಜನ ತಿಳಿಯುತ್ತಾರೆ.

ಅಂಥ ಸೀಮೆಯಲ್ಲಿ, ನನ್ನ ಮದುವೆಯ ಮಾತುಕತೆ ನಡೆದದ್ದು ಕಾಡಿನಲ್ಲಿ. ಮುಗಿದದ್ದು ಎಲ್ಲಿ ಎಂದು ಈಗಲೇ ಹೇಳಿದರೆ ನೀವು ಮುಂದೆ ಓದುವುದಿಲ್ಲ.

ನಮ್ಮ ಮನೆ ಮೇಲುಕೋಟೆಯಲ್ಲಿ, ದೇವಸ್ಥಾನಕ್ಕೆ ಕೂಗಳತೆಯ ಬೀದಿಯಲ್ಲಿ. ಅಪ್ಪ ಸಂಸ್ಕೃತ ವ್ಯಾಕರಣ ಹೇಳಿಕೊಡುತ್ತಿದ್ದರು. ಪಾಠವಿಲ್ಲದ ಹೊತ್ತಿನಲ್ಲಿ ದೇವಸ್ಥಾನದ ಪಾರಾಯಣಕ್ಕೆ ಹೋಗುತ್ತಿದ್ದರು. ಎರಡೂ ಇಲ್ಲದಾಗ ಬೀದಿಯ ಬೋರ್ಡುಗಳ ಕಾಗುಣಿತ ತಿದ್ದುತ್ತಿದ್ದರು, ಮನಸ್ಸಿನಲ್ಲೇ, ಆದರೆ ಸ್ವಲ್ಪ ಜೋರಾಗಿ. ಮನೆಯಲ್ಲಿ ಅಜ್ಜಿ, ಅಂದರೆ ಅಪ್ಪನ ತಾಯಿ, ಮಡಿಯ ವಿಷಯದಲ್ಲಿ ದೇವರಿಗೇ ಸಲಹೆ ಕೊಡುವಷ್ಟು ಗಟ್ಟಿಗಿತ್ತಿ. ಅಮ್ಮ ಅಡುಗೆಮನೆಯಲ್ಲಿ. ಅಮ್ಮ ಯಾವಾಗಲೂ ಅಡುಗೆಮನೆಯಲ್ಲಿ.

ನಾನು ಪಾಂಡವಪುರದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ದಿನವೂ ಬಸ್ಸು. ಬಸ್ಸೆಂದ ಮೇಲೆ ಕಿಟಕಿ, ಕಿಟಕಿಯೆಂದ ಮೇಲೆ ಪಕ್ಕದ ಸೀಟು. ಆ ಸೀಟಿನಲ್ಲಿ ನಾಗಮಂಗಲದ ಕಡೆಯ ಒಬ್ಬ ಹುಡುಗ, ಕೃಷಿ ಕಚೇರಿಯಲ್ಲಿ ಗುಮಾಸ್ತ. ಒಂದು ದಿನ ಅಪ್ಪನ ಮುಂದೆ ನಿಂತು ಹೇಳಿದೆ, ಅವನನ್ನು ಮದುವೆಯಾಗುತ್ತೇನೆ ಎಂದು.

"ಹೆಸರೇನು?" ಎಂದರು ಅಪ್ಪ.

"ಶಿವರಾಜು."

ನಾವು ಹುಟ್ಟಾ ವಿಷ್ಣುವಿನ ಕಡೆಯವರು. ಅಪ್ಪನಿಗೆ ಅರ್ಧ ಆಘಾತವಾದದ್ದು ಹೆಸರು ಕೇಳಿಯೇ. ಉಳಿದರ್ಧಕ್ಕೆ, ಅವರು ಒಕ್ಕಲು ಮಾಡುವ ಗೌಡರ ಮನೆಯವರು ಎಂಬ ವಿವರ ಸಾಕಾಯಿತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು. ಮಾತು ಬಿಟ್ಟು ಪಾರಾಯಣ ಹೆಚ್ಚು ಮಾಡಿದರು. ಅತ್ತ ನಾಗಮಂಗಲದ ಕಡೆಯೂ ಸುದ್ದಿಗೆ ಯಾರೂ ಹೋಳಿಗೆ ಮಾಡಲಿಲ್ಲವಂತೆ. ಹೀಗೇ ಕೆಲವು ತಿಂಗಳು ಹೋದ ಮೇಲೆ, ಯುಗಾದಿ ಕಳೆದ ವಾರದಲ್ಲಿ, ಹುಡುಗನ ತಂದೆ ಬೋರೇಗೌಡರು ಹೇಳಿ ಕಳಿಸಿದರು: ಒಂದು ಸಲ ಬಂದು ಮಾತಾಡಿ ಹೋಗುತ್ತೇನೆ ಎಂದು. ಬರುವುದು ಇಲ್ಲವೆನ್ನುವುದಕ್ಕೇ ಎಂದು ಶಿವರಾಜು ಬಸ್ಸಿನಲ್ಲಿ ಮುಖ ಬಾಡಿಸಿಕೊಂಡು ಹೇಳಿದ. "ನಮ್ಮಪ್ಪನೂ ಅದನ್ನೇ ಹೇಳೋಕೆ ಕಾಯ್ತಿದ್ದಾರೆ" ಎಂದೆ. ಹೀಗೆ ಎರಡೂ ಕಡೆಯವರ ಅಭಿಪ್ರಾಯ ಒಂದೇ ಆಗಿತ್ತು. ನಮ್ಮಿಬ್ಬರನ್ನು ಬಿಟ್ಟು.

ಆದರೆ ಅದಕ್ಕಿಂತ ದೊಡ್ಡ ಸಮಸ್ಯೆ ಊಟದ್ದು. ಅಷ್ಟು ದೂರದಿಂದ ಬಂದ ಹಿರಿಯರಿಗೆ ಊಟ ಹಾಕದೆ ಕಳಿಸುವುದು ಹೇಗೆ? ಹಾಕಿದರೆ ಎಲ್ಲಿ ಹಾಕುವುದು? ನಡುಮನೆಯಲ್ಲಿ ಅಪ್ಪನ ಪಕ್ಕ ಎಲೆ ಹಾಕಿದರೆ ಅಜ್ಜಿ ಉಪವಾಸ ಬೀಳುತ್ತಾರೆ. ಜಗಲಿಯಲ್ಲಿ ಬೇರೆ ಹಾಕಿದರೆ ಬಂದವರಿಗೆ ಅವಮಾನ. ಅಪ್ಪ ಪಂಚಾಂಗ ನೋಡಿದರು. ಅದರಲ್ಲಿ ಉತ್ತರವಿರಲಿಲ್ಲ. ಕೊನೆಗೆ ಅಮ್ಮ, ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಿಗೆ ಬಂದು, "ಪುಳಿಯೋಗರೆ ಕಟ್ಟಿಕೊಡ್ತೀನಿ. ಕಾಡಿನ ಕಡೆ ಹೋಗಿ ಮಾತಾಡ್ಕೊಂಡು ಅಲ್ಲೇ ತಿಂದ್ಬನ್ನಿ. ಮರದ ಕೆಳಗೆ ಯಾವ ಪಂಕ್ತಿ?" ಎಂದರು. ಅಪ್ಪ ಅಮ್ಮನನ್ನು ಹೊಸದಾಗಿ ನೋಡಿದಂತೆ ನೋಡಿದರು. ಬೀದಿಯ ಎಲ್ಲ ಜಗಲಿಗಳ ಕಿವಿಯಿಂದಲೂ ತಪ್ಪಿಸಿಕೊಂಡ ಹಾಗಾಯಿತು ಎಂಬುದು ಇನ್ನೊಂದು ಅನುಕೂಲ.

ಬೋರೇಗೌಡರು ಬೆಳಗಿನ ಬಸ್ಸಿಗೆ ಬಂದರು. ಎತ್ತರದ ಆಳು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಟವಲು, ನೋಡಿದವರು ತಾವೇ ದಾರಿ ಬಿಡುವಂಥ ಮೀಸೆ. ಕೈಯಲ್ಲಿ ಬಾಳೆಲೆ ಮುಚ್ಚಿದ ಒಂದು ಸ್ಟೀಲಿನ ಡಬ್ಬಿ. ಒಳಗೆ ಬಾರದೆ ಜಗಲಿಯ ಮೆಟ್ಟಿಲಲ್ಲೇ ನಿಂತು ಅದನ್ನು ಅಮ್ಮನ ಕಡೆ ಚಾಚಿದರು.

"ಬೆಣ್ಣೆ ಕಣವ್ವ. ಮನೆ ಹಸೀದೇಯ. ಬೆಣ್ಣೆಗೆ ಮೈಲಿಗೆ ಇಲ್ವಂತೆ, ಕೇಳ್ಕಂಡೇ ತಂದೆ."

ಇಲ್ಲವೆನ್ನಲು ಬಂದ ಮನುಷ್ಯ, ನಮ್ಮ ಮನೆಗೆ ಏನು ನಡೆಯುತ್ತದೆ ಎಂದು ಯಾರನ್ನೋ ವಿಚಾರಿಸಿಕೊಂಡು ಬಂದಿದ್ದರು. ಅಮ್ಮ ಡಬ್ಬಿಯನ್ನು ಎರಡೂ ಕೈಯಲ್ಲಿ ಈಸಿಕೊಂಡರು. ಒಳಗಿನ ಕತ್ತಲಲ್ಲಿ ಅಜ್ಜಿ ಮೂಗು ಎತ್ತಿದ್ದು ನನಗೆ ಕಂಡಿತು.

ನೀರಿನ ಬಾಟಲಿ, ಪುಳಿಯೋಗರೆಯ ಚೀಲ ಹೊತ್ತುಕೊಳ್ಳಲು ಒಬ್ಬರು ಬೇಕಲ್ಲ, ಅದಕ್ಕೆ ನಾನು. ಹೀಗೆ ನನ್ನನ್ನು ಬೇಡವೆನ್ನುವ ಸಭೆಗೆ ನಾನೇ ಊಟದ ವ್ಯವಸ್ಥಾಪಕಿಯಾಗಿ ಹೊರಟೆ. ಕಲ್ಯಾಣಿ ದಾಟಿ, ಕೊನೆಯ ಮಂಟಪದ ಹತ್ತಿರ ಬಂದಿರಬೇಕು. ನಮ್ಮೂರಿನ ಕೋತಿಗಳ ವಿಚಾರ ನಿಮಗೆ ಗೊತ್ತಿರಬಹುದು. ಯಾತ್ರಿಕರ ತೆಂಗಿನಕಾಯಿಯನ್ನು ಅವು ತಮ್ಮ ವಂತಿಗೆ ಎಂದೇ ತಿಳಿದಿವೆ. ಮಂಟಪದ ಮೇಲಿಂದ ಒಂದು ಗಡವ ಕೋತಿ ಇಳಿಯಿತು. ಅವಸರವಿಲ್ಲದೆ ಬಂದು, ನನ್ನ ಕೈಯಿಂದ ಚೀಲವನ್ನು ಎಳೆದುಕೊಂಡು, ಮತ್ತೆ ಮಂಟಪ ಹತ್ತಿ, ಕುಟುಂಬ ಸಮೇತ ಕೂತು ಬಿಚ್ಚಿತು. ಅಮ್ಮನ ಪುಳಿಯೋಗರೆಯನ್ನು ಅವು ಪಂಕ್ತಿಯಲ್ಲಿ ಕೂತು ತಿಂದವು.

"ಓಗ್ಲಿ ಬುಡಿ ಅಯ್ನೋರೇ, ಅವೂ ಉಣ್ಣಬೇಕಲ್ಲ" ಎಂದರು ಗೌಡರು. ಅಪ್ಪ, "ಪರವಾಗಿಲ್ಲ, ಬೇಗ ಮಾತು ಮುಗಿಸಿ ಬಂದುಬಿಡೋಣ" ಎಂದರು. ಆ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಪುಳಿಯೋಗರೆಗೆಂದು ಹೊಟ್ಟೆ ಖಾಲಿ ಇಟ್ಟುಕೊಂಡಿದ್ದ ವಿಚಾರವನ್ನು ಅವರು ಹೇಳಲಿಲ್ಲ.

ಕಾಡು ಎಂದೊಡನೆ ದೊಡ್ಡ ದೊಡ್ಡ ಮರಗಳನ್ನು ಊಹಿಸಿಕೊಳ್ಳಬೇಡಿ. ನಮ್ಮದು ಕುರುಚಲು ಕಾಡು. ವರ್ಷದ ಬಹುಪಾಲು ಕಲ್ಲು, ಮುಳ್ಳು ಮತ್ತು ಒಣ ಹುಲ್ಲು. ಆದರೆ ಯುಗಾದಿಯ ಆಸುಪಾಸು ಒಂದಿಷ್ಟು ದಿನ ಅದಕ್ಕೂ ಹರೆಯ ಬರುತ್ತದೆ. ಎಲೆಯೆಲ್ಲ ಉದುರಿಸಿಕೊಂಡ ಮುತ್ತುಗ ಮೈತುಂಬ ಕೆಂಡ ಸುರಿದುಕೊಂಡು ನಿಂತಿತ್ತು. ಜಾಲಾರಿ ಮರಗಳು ಬೆಳ್ಳಗೆ ಹೂ ಬಿಟ್ಟು, ಗಾಳಿ ಬೀಸಿದಾಗೆಲ್ಲ ಜೇನಿನ ವಾಸನೆ ಕಳಿಸುತ್ತಿದ್ದವು. ಎಲ್ಲೋ ನವಿಲು ಕೂಗಿತು. ನಾನಂತೂ ನನ್ನ ಪಾಲಿನ ದುಃಖವನ್ನು ಮರೆತು ಮೇಲೆ ನೋಡುತ್ತಾ ಎಡವಿದೆ.

ಹಿರಿಯರಿಬ್ಬರೂ ಮಾತು ಶುರು ಮಾಡಲೇ ಇಲ್ಲ. ಇಬ್ಬರೂ ಇಲ್ಲವೆನ್ನಲು ಬಂದವರು. ಇಲ್ಲವೆನ್ನುವವರಿಗೆ ಇರುವಷ್ಟು ವಿನಯ ಒಪ್ಪುವವರಿಗೆ ಇರುವುದಿಲ್ಲ. ಮಳೆ ಬಗ್ಗೆ, ಹಾಲಿನ ಡೈರಿಯ ಬಗ್ಗೆ, ದೇವರ ಬಗ್ಗೆ ಆಯಿತು. ದಾರಿ ಕವಲೊಡೆದಾಗ ಅಪ್ಪ, "ನನಗೆ ಗೊತ್ತಿರೋ ಹಾಗೆ ಎಡಕ್ಕೆ" ಎಂದರು. ಗೌಡರು, "ಇಳಿಜಾರು ಬಲಕ್ಕೈತೆ. ಆದ್ರೂ ನೀವ್ ಏಳಿದ್ ಮ್ಯಾಲೆ ಎಡಕ್ಕೇ ನಡೀರಿ" ಎಂದರು. ಅಪ್ಪ ತಕ್ಷಣ, "ಛೆ, ನೀವು ಭೂಮಿ ಬಲ್ಲವರು, ಬಲಕ್ಕೇ ಹೋಗೋಣ" ಎಂದರು. ಮುಂದಿನ ಕವಲಿನಲ್ಲಿ ಗೌಡರು ಅಪ್ಪನ ಮಾತಿಗೆ ಬೆಲೆ ಕೊಟ್ಟರು. ಅದರ ಮುಂದಿನದರಲ್ಲಿ ಅಪ್ಪ ಗೌಡರ ಮಾತಿಗೆ. ಜಗಳವಾಡಿ ದಾರಿ ತಪ್ಪಿದವರನ್ನು ನೀವು ಕಂಡಿರುತ್ತೀರಿ. ಇವರು ಮರ್ಯಾದೆ ಕೊಟ್ಟು ಕೊಟ್ಟು ದಾರಿ ತಪ್ಪಿಸಿಕೊಂಡರು. ಒಂದು ದೊಡ್ಡ ಹುತ್ತ ಕಂಡಾಗ ಇಬ್ಬರೂ ಕೈ ಮುಗಿದರು. ಇನ್ನಷ್ಟು ನಡೆದ ಮೇಲೆ ಮತ್ತೆ ಹುತ್ತ, ಮತ್ತೆ ಕೈ ಮುಗಿದರು. ಅದೇ ಹುತ್ತವೆಂದು ನನಗೆ ಗೊತ್ತಾಯಿತು. ಹೇಳಲಿಲ್ಲ. ನಡಿಗೆ ಮುಗಿದರೆ ಮಾತು ಶುರುವಾಗುತ್ತದಲ್ಲ ಎಂದು, ಅವರು ಸುತ್ತುತ್ತಿರಲಿ ಎನ್ನಿಸಿತು.

ಆಗ ಮೇಕೆಗಳ ಹಿಂದೆ ಒಬ್ಬ ಹೆಂಗಸು ಬಂದಳು. ನಮ್ಮನ್ನು ಮೇಲಿನಿಂದ ಕೆಳಗೆ ನೋಡಿ, "ಏನ್ ಕಳ್ಕಂಡ್ರಿ? ದನವಾ?" ಎಂದಳು.

"ಇಲ್ಲ ಕಣವ್ವ. ಇವರ ಮಗಳು, ನನ್ ಮಗ. ಮದ್ವೆ ಮಾತಾಡಾಕ್ ಬಂದಿದ್ದೀವಿ" ಎಂದರು ಗೌಡರು. ಆ ಮಾತು ಅಂದು ಮೊದಲ ಬಾರಿಗೆ ಬಾಯಿಗೆ ಬಂದದ್ದು.

"ಅದುಕ್ಯಾಕೆ ಕಾಡಿಗೆ ಬಂದ್ರಿ? ಮನೆ ಇಲ್ವಾ?" ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ, ಅವಳು ಮೇಕೆಗಳನ್ನು ಅಟ್ಟಿಕೊಂಡು ಹೊರಟುಹೋದಳು. ಹಿರಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಿಸಿಲು ಏರಿತ್ತು. ಅಪ್ಪ, "ಅದು, ಗೌಡ್ರೇ, ವಿಷಯ ಏನೂಂದ್ರೆ..." ಎಂದು ಶುರು ಮಾಡಿದರು. ಮುಗಿಸಲಿಲ್ಲ. ನೋಡುತ್ತಿದ್ದ ಹಾಗೆ ಬೆವರು ಇಳಿಯಿತು, ಕೈ ನಡುಗಿತು, ಒಂದು ಬಂಡೆಯ ಮೇಲೆ ಕುಸಿದು ಕೂತರು.

ನಾನು ಬಾಟಲಿಯ ಮುಚ್ಚಳ ತೆಗೆಯಲು ಪರದಾಡಿದೆ. ಗೌಡರು ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, ಟವಲು ಒದ್ದೆ ಮಾಡಿ ಅಪ್ಪನ ಹಣೆ, ಕುತ್ತಿಗೆ ಒರೆಸಿದರು.

"ಬೆಳಿಗ್ಗೆ ಏನ್ ಉಂಡವ್ರೆ ಮಗಾ?"

"ಏನೂ ಇಲ್ಲ. ಮಾತ್ರೆ ತಗೊಂಡಿದಾರೆ."

"ಥೂ, ಕೋತಿ ಮನೆ ಹಾಳಾಗ!" ಎಂದು ಗೌಡರು ಅಪ್ಪನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಅವರ ತೋಳನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡರು. "ನಡೀರಿ ಅಯ್ನೋರೇ. ಮೈಯೆಲ್ಲಾ ನನ್ ಮ್ಯಾಲೇ ಬುಡಿ. ಬಸ್ಸಿನ ಆರನ್ ಕೇಳ್ತಾ ಐತೆ." ಈ ಸಲ ಎಡವೋ ಬಲವೋ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಪೊದೆ ತಳ್ಳಿಕೊಂಡು, ಅಪ್ಪನನ್ನು ಅರ್ಧ ಹೊತ್ತುಕೊಂಡು, ಗೌಡರು ಸದ್ದು ಬಂದ ಕಡೆಗೇ ನೆಟ್ಟಗೆ ಇಳಿದರು. ಅವರ ಪಂಚೆ ಮುಳ್ಳಿಗೆ ಸಿಕ್ಕಿ ಹರಿದದ್ದು ಹಿಂದೆ ಓಡುತ್ತಿದ್ದ ನನಗೆ ಕಂಡಿತು, ಅವರಿಗೆ ಕಾಣಲಿಲ್ಲ. ಆ ಇಳಿಜಾರಿನಲ್ಲಿ ನನಗೆ ಶಿವರಾಜುವೂ ಬೇಡ, ಮದುವೆಯೂ ಬೇಡ, ಅಪ್ಪ ಒಮ್ಮೆ ಮಾತಾಡಿದರೆ ಸಾಕಾಗಿತ್ತು.

ನಾಗಮಂಗಲದ ರಸ್ತೆ ಸಿಕ್ಕಿತು. ರಸ್ತೆಯಾಚೆ ಒಂದೇ ಒಂದು ಕಟ್ಟಡ, ಮುಂದೆ ಹೊಸ ಚಿಗುರು ತುಂಬಿದ ಹೊಂಗೆ ಮರ. ಬೋರ್ಡಿನ ಮುಂಭಾಗವನ್ನು ಕೊಂಬೆ ಪೂರಾ ಮುಚ್ಚಿಕೊಂಡು, ಕೊನೆಯ ತುಂಡು ಮಾತ್ರ ಓದಲು ಸಿಗುತ್ತಿತ್ತು: "ಅಂಡ್ ರೆಸ್ಟೋರೆಂಟ್".

ತಲೆ ಸುತ್ತಿದರೂ ಅಪ್ಪನ ವ್ಯಾಕರಣ ಸುತ್ತಿರಲಿಲ್ಲ. ಗೌಡರ ಹೆಗಲ ಮೇಲಿಂದಲೇ, ಕ್ಷೀಣ ಸ್ವರದಲ್ಲಿ, "ಗೌಡ್ರೇ, ಈ ಅಂಡ್ ಅನ್ನೋದು ಎರಡು ಪದ ಸೇರಿಸೋಕೆ ಬರೋದು. ಹಿಂದೆ ಒಂದು ಪದ ಇರಲೇಬೇಕು" ಎಂದರು.

"ಎಲೆ ಹಿಂದೆ ಐತೆ ಬುಡಿ, ಒಳಿಕ್ ಬನ್ನಿ" ಎಂದರು ಗೌಡರು.

ಪಕ್ಕದ ಬಾಗಿಲಿನಿಂದ ನಮ್ಮನ್ನು ಒಂದು ಫ್ಯಾಮಿಲಿ ರೂಮಿನಲ್ಲಿ ಕೂರಿಸಿದರು. ಹಸಿರು ಪರದೆ, ಗೋಡೆಯ ಮೇಲೆ ಲಕ್ಷ್ಮಿಯ ಕ್ಯಾಲೆಂಡರು, ತಲೆಯ ಮೇಲೆ ತಿರುಗಿಯೂ ತಿರುಗದ ಫ್ಯಾನು. ಗೌಡರು ಸಕ್ಕರೆ ನೀರಿಗೆ ಕೂಗಿದ ರಭಸಕ್ಕೆ ಲೋಟ ಓಡಿಕೊಂಡೇ ಬಂತು. ಅಪ್ಪ ಕುಡಿದರು. ಇನ್ನೊಂದು ಲೋಟ ಕುಡಿದರು. ಮುಖಕ್ಕೆ ಬಣ್ಣ ಬಂತು, ನನಗೆ ಜೀವ ಬಂತು. ಅಷ್ಟರಲ್ಲಿ ಸಪ್ಲೈಯರು, ಯಾರೂ ಕೇಳದೆಯೇ, ಸೌತೆಕಾಯಿ ಹೆಚ್ಚಿ ಹಾಕಿ ನಿಂಬೆಹಣ್ಣು ಹಿಂಡಿದ ಹೆಸರುಕಾಳಿನ ತಟ್ಟೆ ತಂದಿಟ್ಟ. ಅಪ್ಪ ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದರು.

"ಅಚ್ಚ ರಾಮನವಮಿ ಕೋಸಂಬರಿ! ಯಾರೋ ಸಾತ್ವಿಕರು ನಡೆಸೋ ಹೋಟೆಲ್ಲು, ಗೌಡ್ರೇ."

ಗೌಡರು ಮೀಸೆಯ ಮೇಲೆ ಕೈಯಿಟ್ಟುಕೊಂಡರು. ಪರದೆಯಾಚೆಯಿಂದ ಒಂದು ತೃಪ್ತ ಕಂಠ ಕೂಗಿತು: "ಲೇ, ಇನ್ನೊಂದ್ ಕ್ವಾಟ್ರು ತಾರ್ಲಾ!"

ಅಪ್ಪ ಚಮಚ ಕೆಳಗಿಟ್ಟರು. ಫ್ಯಾನು ನೋಡಿದರು, ಲಕ್ಷ್ಮಿಯನ್ನು ನೋಡಿದರು, ಕೊನೆಗೆ ಗೌಡರನ್ನು.

"ಎಲೆ ಹಿಂದೆ ಇದ್ದ ಪದ ಇದೇ ಏನು?"

"ಊಂ ಅಯ್ನೋರೇ. ಅದೇಯ. ತಪ್ ತಿಳ್ಕಬ್ಯಾಡಿ, ಬ್ಯಾರೆ ಯಾವ್ದೂ ಇರ್ಲಿಲ್ಲ."

ಸಪ್ಲೈಯರು ಬಂದು ಎಗ್ ರೈಸು, ಕಬಾಬು, ಬೋಟಿ ಗೊಜ್ಜು ಎಂದು ಮಂತ್ರದ ಹಾಗೆ ಒಪ್ಪಿಸತೊಡಗಿದ. ಗೌಡರು ಕೈಸನ್ನೆಯಿಂದ ಅವನನ್ನು ತಡೆದರು. ಅಪ್ಪ, "ನೀವು ನಿಮಗೆ ಬೇಕಾದ್ದು ತಿನ್ನಿ ಗೌಡ್ರೇ, ಬೆಳಿಗ್ಗೆಯಿಂದ ಹಸಿದಿದೀರಿ. ನನಗೆ ಈ ಕಾಳೇ ಸಾಕು" ಎಂದರು. "ನೀವ್ ಉಣ್ದೆ ನಾನೆಂಗ್ ಉಣ್ಣಾನ" ಎಂದರು ಗೌಡರು. ಅಪ್ಪ ಮತ್ತೆ ಹೇಳಿದರು, ಗೌಡರು ಮತ್ತೆ ಅದನ್ನೇ ಹೇಳಿ ನೀರು ಕುಡಿದರು. ಕಾಡಿನ ಕವಲುದಾರಿಯೇ ಮತ್ತೆ ಬಂದು ಮೇಜಿನ ಮೇಲೆ ಕೂತಂತಿತ್ತು. ಗೌಡರ ಹರಿದ ಪಂಚೆ, ಮೊಣಕಾಲಿನ ಹತ್ತಿರ ಮುಳ್ಳು ಗೀರಿ ಒಸರಿದ್ದ ರಕ್ತ, ಆಗ ಅಪ್ಪನ ಕಣ್ಣಿಗೆ ಬಿತ್ತೆಂದು ಕಾಣುತ್ತದೆ. ತುಸು ಹೊತ್ತು ಅದನ್ನೇ ನೋಡಿದರು. ಆಮೇಲೆ ಸಪ್ಲೈಯರ ಕಡೆ ತಿರುಗಿ, ಪಾಠ ಹೇಳುವ ಸ್ವರದಲ್ಲಿ, "ಮೊಸರನ್ನ ಇದೆಯೇನಪ್ಪ? ಮೂರು ತಾ" ಎಂದರು.

ಹೊರಗೆ ನೀರನ್ನೂ ಯೋಚಿಸಿ ಕುಡಿಯುತ್ತಿದ್ದ ನನ್ನ ಅಪ್ಪ, ಆ ಮೊಸರನ್ನವನ್ನು ಕಲಸಿಕೊಂಡು ಉಂಡರು. ಮೂವರೂ ಒಟ್ಟಿಗೇ ಉಂಡೆವು. ತಟ್ಟೆ ಅರ್ಧವಾದ ಮೇಲೆ ಅಪ್ಪ, "ಗೌಡ್ರೇ, ನಾನು ಇವತ್ತು ಆಗಲ್ಲ ಅನ್ನೋಕೆ ಹೊರಟಿದ್ದೆ" ಎಂದರು.

"ನಾನೂವೆ."

"ಕುಲ ಗೋತ್ರ ಅಂತ ಹೇಳೋಣ ಅಂತಿದ್ದೆ. ಅದು ಇರೋದೇ. ಒಳಗಿನ ಮಾತು ಬೇರೆ. ಇವಳು ನಿಮ್ಮ ಮನೆಗೆ ಬಂದರೆ ನಾನು ನೋಡೋಕೆ ಬರ್ತೀನಿ. ಇವಳು ಎಲೆ ಹಾಕಿ ಊಟಕ್ಕೆ ಏಳಪ್ಪ ಅಂತಾಳೆ. ನಾನು, ಆಯ್ತಮ್ಮ, ಈಗ ತಾನೇ ಉಂಡು ಬಂದೆ ಅಂತ ಸುಳ್ಳು ಹೇಳ್ಬೇಕು. ಹೋದಾಗೆಲ್ಲ ಹೇಳ್ಬೇಕು. ಅದು ನನ್ನ ಕೈಲಿ ಆಗಲ್ಲ ಗೌಡ್ರೇ."

ಗೌಡರು ಬೆರಳು ಚೀಪಿಕೊಂಡು, ಅಪ್ಪನ ಖಾಲಿಯಾಗುತ್ತಿದ್ದ ತಟ್ಟೆಯನ್ನು ನೋಡಿದರು. ಮೀಸೆ ಮೊದಲು ಅಲ್ಲಾಡಿತು, ಆಮೇಲೆ ಹೊಟ್ಟೆ.

"ಅಲ್ಲ ಅಯ್ನೋರೇ, ಬಾರ್‌ನಾಗೇ ಉಂಡ್ಬುಟ್ರಿ. ನಮ್ಮನೆ ಇದಕ್ಕಿಂತ ಕಡೇನಾ?"

ಅಪ್ಪ ಮೊದಲು ಗಂಭೀರರಾಗಿಯೇ ಅದನ್ನು ಯೋಚಿಸಿದರು. ತರ್ಕದಲ್ಲಿ ದೋಷ ಸಿಗಲಿಲ್ಲವೆಂದು ಕಾಣುತ್ತದೆ. ಆಮೇಲೆ ನಕ್ಕರು. ಅಪ್ಪ ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಪರದೆಯಾಚೆಯವರು ಸುಮ್ಮನಾಗಿ ಕಿವಿಗೊಟ್ಟರು, ಒಳಗೆ ಯಾರಿಗೆ ಜಾಸ್ತಿಯಾಯಿತೋ ಎಂದು.

"ನಂಗೂ ಒಂದ್ ಬಯ್ಯ ಇತ್ತು" ಎಂದರು ಗೌಡರು. "ಓದ್ಕಂಡಿರೋ ಹುಡ್ಗಿ. ನಾನ್ ಮಾತಾಡದ್ ಕೇಳಿ ನಗ್ತಾಳೆ, ಅವಳ್ ಮುಂದೆ ನನ್ ಮಗ ನನ್ನ ಅಪ್ಪ ಅನ್ನಾಕೂ ನಾಚ್ಕತಾನೆ ಅಂತ." ಹಾಗೆಂದವರು ನನ್ನ ಕಡೆ ತಿರುಗಿ, "ನೀನೇನಂತೀಯ ಮಗಾ?" ಎಂದರು. ಅಷ್ಟು ತಿಂಗಳಲ್ಲಿ ಹಿರಿಯರು ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಇಂಥ ಗಳಿಗೆಗೆಂದು ಎಷ್ಟೋ ರಾತ್ರಿ ಒಳ್ಳೊಳ್ಳೆಯ ಮಾತುಗಳನ್ನು ಸಿದ್ಧಮಾಡಿಕೊಂಡಿದ್ದೆ. ಬಾಯಿ ತೆರೆದೆ. ಮೊಸರನ್ನದ ಒಗ್ಗರಣೆಯ ಹಸಿಮೆಣಸಿನಕಾಯಿ ಆಗಲೇ ಗಂಟಲಿಗೆ ಸಿಕ್ಕಬೇಕೆ! ಕಣ್ಣು ಮೂಗುಗಳಲ್ಲಿ ಧಾರಾಕಾರ ಸುರಿಯಿತು, ಬಿಕ್ಕಳಿಕೆ ಬಂತು. ಗೌಡರು ಮರುಗಿ, "ಅಳಬ್ಯಾಡ ಕಣ್ ಕೂಸೇ, ಅಳಬ್ಯಾಡ" ಎಂದು ತಲೆ ಸವರಿದರು. ಅಪ್ಪನೂ ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಪ್ರೇಮದ ಆಳ ಅವರಿಬ್ಬರಿಗೂ ಅಂದು ಮನವರಿಕೆಯಾಯಿತು. ಮೆಣಸಿನಕಾಯಿಯ ಪಾತ್ರವನ್ನು ನಾನು ಇಂದಿನವರೆಗೂ ಪ್ರಸ್ತಾಪಿಸಿಲ್ಲ.

ಏಳುವ ಮೊದಲು ಅಪ್ಪ ಧಾರಾಳ ಮನಸ್ಸಿನಿಂದ, "ಗೌಡ್ರೇ, ನೀವು ಇಂಥ ಕಡೆ ಬಂದಾಗ ಏನಾದರೂ ತಗೊಳ್ಳೋ ರೂಢಿ ಇದ್ದರೆ ತಗೊಳ್ಳಿ, ನನ್ನ ಸಂಕೋಚ ಬೇಡ" ಎಂದರು.

"ಇವತ್ ಬ್ಯಾಡಿ" ಎಂದರು ಗೌಡರು. "ಒಪ್ಕಂಡ್ ಬಂದೆ ಅಂದ್ರೆ, ಕುಡ್ದು ಒಪ್ಕಂಡ ಅಂತಾಳೆ ನನ್ ಎಂಡ್ರು."

ಒಪ್ಪಿಗೆಯಾದದ್ದು ನನಗೆ ತಿಳಿದದ್ದು ಹೀಗೆ. ಮನೆಗೆ ಬಂದಾಗ ಅಮ್ಮ, "ಏನು ತಿಂದಿರಿ?" ಎಂದರು, ಕೋತಿಯ ಸುದ್ದಿ ಆಗಲೇ ಬೀದಿಯಲ್ಲಿ ಹಬ್ಬಿತ್ತು. "ಕೋಸಂಬರಿ, ಮೊಸರನ್ನ" ಎಂದರು ಅಪ್ಪ, ಸತ್ಯಕ್ಕೆ ಸ್ವಲ್ಪವೂ ಚ್ಯುತಿ ಬಾರದಂತೆ. ಅಜ್ಜಿ ನನ್ನೊಡನೆ ಬಹಳ ದಿನ ಮಾತು ಬಿಟ್ಟಿದ್ದರು. ಬೆಣ್ಣೆಯ ಡಬ್ಬಿ ತಳ ಕಂಡ ಮೇಲೆ ಒಂದು ಮಧ್ಯಾಹ್ನ ಗೋಡೆಯ ಕಡೆ ನೋಡುತ್ತಾ, "ಆ ಬೆಣ್ಣೆ ಗೌಡ ಮತ್ತೆ ಯಾವಾಗ ಬರ್ತಾನಂತೆ?" ಎಂದು ಕೇಳಿದರು. ಮದುವೆ ಚಿಕ್ಕದಾಗಿ ನಡೆಯಿತು. ಅಪ್ಪ ನಮ್ಮ ಮನೆಗೆ ಬಂದ ಮೊದಲ ಸಲವೇ, ನಾನು ಕರೆಯುವುದಕ್ಕೂ ಮುಂಚೆ ಕೈಕಾಲು ತೊಳೆದು ಬಂದು ಎಲೆಯ ಮುಂದೆ ಕೂತರು.

ಆಮೇಲೆ ಪ್ರತಿ ವರ್ಷ ಯುಗಾದಿ ಕಳೆದ ವಾರ ಬೀಗರಿಬ್ಬರೂ ಕಾಡಿಗೆ ಹೋಗತೊಡಗಿದರು. ಕಾರಣ ಕೇಳಿದವರಿಗೆ ಅಪ್ಪ, "ಡಾಕ್ಟರು ಹೇಳಿದಾರೆ" ಎನ್ನುತ್ತಿದ್ದರು. ಕಾಡು ಸುತ್ತಿ, ಒಂದಿಷ್ಟು ದಾರಿ ತಪ್ಪಿ, ರಸ್ತೆಗಿಳಿದು ಅಲ್ಲೇ ಊಟ. ಮಾವನಿಗೆ ಬಿಯರು, ಅಪ್ಪನಿಗೆ ನಿಂಬೆಹಣ್ಣಿನ ಸೋಡಾ ಮತ್ತು ಮೊಸರನ್ನ. ಯಾರೋ ಕಂಡು ಊರಲ್ಲಿ ಗುಸುಗುಸು ಎಬ್ಬಿಸಿದಾಗ, ಅಪ್ಪ ಪಾರಾಯಣದ ನಡುವೆಯೇ ತಲೆಯೆತ್ತಿ, "ಬೀಗರ ಜೊತೆ ಊಟಕ್ಕೆ ಹೋಗಿದ್ದೆ" ಎಂದು ಹೇಳಿ ಮುಂದಿನ ಶ್ಲೋಕಕ್ಕೆ ಹೋದರಂತೆ.

ಈ ವರ್ಷ ಅಪ್ಪನ ಮಂಡಿ ಕೈಕೊಟ್ಟಿದೆ. ಮಾವನಿಗೆ ಕಣ್ಣಿನ ಆಪರೇಷನ್ ಆಗಿ, ಬಿಸಿಲಿಗೆ ಹೋಗಬಾರದೆಂದಿದ್ದಾರೆ. ಹೊಂಗೆಯ ವಾಸನೆ ತುಂಬಿಕೊಂಡು ಮನೆಗೆ ಬಂದ ಆ ಸಂಜೆ ನಮ್ಮತ್ತೆ ನಿಂಗಮ್ಮನಿಗೆ ಫೋನು ಮಾಡಿ, ಈ ಸಲ ನಡಿಗೆ ಇಲ್ಲವಲ್ಲ ಎಂದು ಪೇಚಾಡಿದೆ. ಅತ್ತೆ, "ಗಂಡಸ್ರು ಓಗ್ದೆ ಇದ್ರೆ ದಾರಿ ಸವೆಯಾಕಿಲ್ವಾ? ನಿಮ್ಮವ್ವುಂಗೂ ಏಳು. ನಾವೋಗವ" ಎಂದರು.

ಹಾಗೆ ನಿನ್ನೆ ಭಾನುವಾರ ನಾವು ಮೂವರು ಹೊರಟೆವು. ಬೀಗರಿಬ್ಬರೂ ಮೇಲುಕೋಟೆಯ ಜಗಲಿಯ ಮೇಲೆ ಕೂತು ನಮಗೆ ದಾರಿ ಹೇಳಿದರು. ಒಬ್ಬರು ಎಡ ಅಂದರು, ಒಬ್ಬರು ಬಲ ಅಂದರು. ಅಮ್ಮ ಎರಡನ್ನೂ ಕೇಳಿಸಿಕೊಂಡು ಸೆರಗು ಸಿಕ್ಕಿಸಿದರು. ಅಮ್ಮನಿಗೆ ವಯಸ್ಸಾಗಿದೆ, ಆದರೆ ಕಾಲು ಗಟ್ಟಿ. ಒಲೆಯ ಮುಂದೆ ನಿಂತೇ ಗಟ್ಟಿಯಾದ ಕಾಲು. ಅತ್ತೆ ಮುಂದೆ ಮುಂದೆ ಹೋಗಿ ಮುಳ್ಳು ಸರಿಸುತ್ತಿದ್ದರು. ಜಾಲಾರಿ ಮರಗಳ ನಡುವೆ ಬಂದಾಗ ಅಮ್ಮ ನಿಂತುಬಿಟ್ಟರು. ಮೇಲೆ ನೋಡಿದರು, ಸುತ್ತ ನೋಡಿದರು, ಸೆರಗಿನ ಮೇಲೆ ಬಿದ್ದ ಹೂವನ್ನು ಕೊಡವದೆ ಹಾಗೇ ಬಿಟ್ಟುಕೊಂಡರು. ಮದುವೆಯಾಗಿ ಬಂದಾಗಿನಿಂದ ಅವರು ನಮ್ಮೂರಲ್ಲೇ ಇದ್ದವರು.

"ಇದು ಇಷ್ಟು ಹತ್ತಿರದಲ್ಲಿತ್ತೇನೇ?" ಎಂದರು.

ಅತ್ತೆ, "ನಮ್ಗ್ಯಾರ್ ಏಳಿದ್ರು ಬೀಗ್ತಮ್ಮ" ಎಂದು ಅಮ್ಮನ ಕೈ ಹಿಡಿದುಕೊಂಡರು. ಇಬ್ಬರೂ ಅಲ್ಲೇ ಒಂದು ಬಂಡೆಯ ಮೇಲೆ ಬಹಳ ಹೊತ್ತು ಕೂತರು. ನಾನು ಎಬ್ಬಿಸಲು ಹೋಗಲಿಲ್ಲ.

ರೆಸ್ಟೋರೆಂಟು ಈಗ ಮಹಡಿ ಕಟ್ಟಿಕೊಂಡಿದೆ. ಮೇಲೆ ಕಿಟಕಿ ಪಕ್ಕ ಕೂತೆವು. ಅತ್ತೆಗೆ ನಾಟಿಕೋಳಿ ಸಾರು ಮುದ್ದೆ, ಅಮ್ಮನಿಗೆ ಪೂರಿ ಸಾಗು. ಅಮ್ಮನೇ ಕೇಳಿದ್ದು, ನಾನು ಹೇಳಿದ್ದಲ್ಲ. ಸಪ್ಲೈಯರು ತಟ್ಟೆ ತಂದೊಡನೆ ಅಮ್ಮ ಬಡಿಸಲು ಎದ್ದು ನಿಂತರು. ಅತ್ತೆ ಸೆರಗು ಹಿಡಿದು ಎಳೆದು, "ಕುಂತ್ಕಳಿ, ಅವ್ನು ಇಕ್ತಾನೆ" ಎಂದು ಕೂರಿಸಿದರು. ಮೊದಲ ತುತ್ತು ಮುರಿಯುವಷ್ಟರಲ್ಲಿ ಅಮ್ಮನ ಫೋನು. ಅಪ್ಪ. ಅಮ್ಮ ಸ್ಪೀಕರಿಗೆ ಹಾಕಿದರು.

"ಸಾರು ಯಾವ ಪಾತ್ರೇಲಿದೆ?"

"ಒಲೆ ಮೇಲೇ ಇದೆ. ಬಿಸಿ ಮಾಡ್ಕೊಳ್ಳಿ."

"ಬಿಸಿ ಮಾಡೋದು ಅಂದ್ರೆ..." ಎಂದು ಅಪ್ಪ ಎಳೆದರು. ಹಿಂದಿನಿಂದ ಮಾವನ ದನಿ ಕೇಳಿಸಿತು: "ಮೊದ್ಲು ಗ್ಯಾಸ್ ತಿರುಗ್ಸಿ ಅಯ್ನೋರೇ. ಎಡಕ್ಕಾ ಬಲಕ್ಕಾ, ನೀವೇ ಏಳಿ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದರು. ಅಮ್ಮ ನಗಲಿಲ್ಲ. "ಇಬ್ಬರೂ ಸೇರಿ ಹೇಗೋ ಮಾಡ್ಕೊಳ್ಳಿ. ನಾವು ಊಟಕ್ಕೆ ಕೂತಿದೀವಿ" ಎಂದು ಫೋನು ಆಫ್ ಮಾಡಿ, ಮೇಜಿನ ಮೇಲೆ ಬೋರಲು ಹಾಕಿದರು. ಪೂರಿಯನ್ನು ಸಾಗುವಿನಲ್ಲಿ ಅದ್ದಿ ನಿಧಾನವಾಗಿ ತಿಂದರು. ಆಮೇಲೆ ಕಿಟಕಿಯಾಚೆ ಕಾಣುತ್ತಿದ್ದ ಗುಡ್ಡದ ಕಡೆ ನೋಡುತ್ತಾ ಹೇಳಿದರು:

"ಬರೋ ವರ್ಷ ಇನ್ನೂ ಸ್ವಲ್ಪ ಬೇಗ ಹೊರಡೋಣ. ಬಿಸಿಲು ಏರಿಬಿಡುತ್ತೆ."